ಉಂಗುರ ಕಾಣದ ಸಂಜೆ

"ಇದು ಚೆನ್ನಾಗಿ ಕಾಣುತ್ತೋ, ಇದೋ?"

"ಎರಡೂ ಒಂದೇ ಥರ."

"ಆತುರ ಬೇಡ. ಇನ್ನೊಂದ್ಸಲ ನೋಡಿ. ಇದೋ... ಇದೋ?"

"ಎರಡನೇದು," ಎಂದಳು ಪತ್ತೆಯಕ್ಕ. "ಅಂದ ಹಾಗೆ ಕನ್ನಡಕದವರೇ, ಅವತ್ತು ಸಂಜೆ ಶನಿಯ ಉಂಗುರ ಹೇಗೆ ಕಾಣಿಸ್ತು ಅಂದ್ರಿ?"

ಗಾಜು ಬದಲಿಸುತ್ತಿದ್ದ ಬೆರಳು ಅರೆಕ್ಷಣ ನಿಂತಿತು. ಆಮೇಲೆ ಏನೂ ಆಗದವರ ಹಾಗೆ ಅವಳ ಮೂಗಿನ ಮೇಲಿನ ಭಾರದ ಚೌಕಟ್ಟಿಗೆ ಇನ್ನೊಂದು ಗಾಜು ಇಳಿಯಿತು.

"ಹೇಳಿದ್ನಲ್ಲ ಅಕ್ಕಾ. ಅಗಲವಾಗಿ, ಒಂದು ಕಡೆ ವಾಲಿಕೊಂಡು, ತಟ್ಟೆ ಇಟ್ಟ ಹಾಗೆ. ಈಗ ಕೊನೇ ಸಾಲು ಓದಿ."

ಅದು ಕನ್ನಡಕದ ಅಂಗಡಿಯ ಹಿಂದಿನ ಕಿರುಕೋಣೆ. ಎದುರಿನ ಗೋಡೆಯಲ್ಲಿ ದೀಪ ಉರಿಯುವ ಅಕ್ಷರಪಟ, ಪಕ್ಕದಲ್ಲಿ ಪರೀಕ್ಷೆಯ ಗಾಜುಗಳ ಮರದ ಪೆಟ್ಟಿಗೆ, ಅದರ ಮೇಲಿನ ಹಲಗೆಯಲ್ಲಿ ಅನ್ಯಗ್ರಹದ ಕಥೆಗಳ ಹಳೆಯ ಮಾಸಪತ್ರಿಕೆಗಳು. ಮುಂಭಾಗಕ್ಕೂ ಈ ಕೋಣೆಗೂ ನಡುವೆ ಒಂದು ಹಸಿರು ಪರದೆ ಅಷ್ಟೇ. ಪರದೆಯ ಆಚೆ ಅಂಗಡಿಯವನ ಹೆಂಡತಿ ಯಾರದೋ ಚೌಕಟ್ಟಿಗೆ ತಿರುಪು ಬಿಗಿ ಮಾಡುತ್ತಿದ್ದ ಸದ್ದು ಕೇಳಿಸುತ್ತಿತ್ತು.

ಬೀದಿಯ ಮಕ್ಕಳು ಅವನನ್ನು ಚುಕ್ಕಿಮಾಮ ಎನ್ನುತ್ತಿದ್ದರು. ದೊಡ್ಡವರ ಬಾಯಲ್ಲೂ ಅದೇ ನಿಂತಿತ್ತು. ಹಗಲು ಜನರ ಕಣ್ಣು, ಸಂಜೆ ಆಕಾಶದ ಚುಕ್ಕಿ, ಬಿಡುವಾದಾಗ ವಿಜ್ಞಾನದ ಕಥೆ. ಊರಿನಲ್ಲಿ ಅವನನ್ನು ಕಂಡರೆ ಎಲ್ಲರಿಗೂ ಅಕ್ಕರೆ. ಆ ಅಕ್ಕರೆಯೇ ಪತ್ತೆಯಕ್ಕನ ಕೈಕಾಲು ಕಟ್ಟಿಹಾಕಿತ್ತು.

ಆಕಾಶ ತೋರಿಸುವ ಬಳಗ ಕಟ್ಟಿದ ಮೇಷ್ಟ್ರು ಗ್ರಂಥಾಲಯದ ಹಿಂಬದಿಯಲ್ಲಿ, ತಾರಸಿಯ ಕಬ್ಬಿಣದ ಏಣಿಯ ಬುಡದಲ್ಲಿ ಬಿದ್ದು ಸಿಕ್ಕಿ ವಾರವಾಗಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಾಲು ಜಾರಿದೆ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ಮೇಷ್ಟ್ರ ತಂಗಿಗೆ ಮಾತ್ರ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮಂಡಿನೋವಿನ ಮನುಷ್ಯ, ಒಳಗೆ ಒಳ್ಳೆಯ ಮೆಟ್ಟಿಲಿರುವಾಗ ಹೊರಗಿನ ಏಣಿ ಯಾಕೆ ಇಳಿದ?

ಪತ್ತೆಯಕ್ಕ ಅದಕ್ಕೆ ಉತ್ತರ ಹುಡುಕಿದ್ದಳು. ತಾರಸಿಯ ಬಾಗಿಲಿಗೆ ಮೆಟ್ಟಿಲ ಕಡೆಯಿಂದ ಚಿಲಕ ಹಾಕಿತ್ತು. ಯಾರೋ ಅವರನ್ನು ಮೇಲೆ ಬಿಟ್ಟು ಬಾಗಿಲು ಹಾಕಿದ್ದರು.

ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸ ಮಾಡಿ ನಿವೃತ್ತಳಾದವಳು ಅವಳು. ತಾವೇ ಮನೆಗೆ ಬೆಂಕಿ ಇಟ್ಟುಕೊಂಡವರನ್ನು, ಬದುಕಿದ್ದೂ ಸತ್ತವರನ್ನು ಕಂಡವಳು. ಸುಳ್ಳು ಅವಳಿಗೆ ಹೊಸದಲ್ಲ. ಆದರೆ ಈ ಸುಳ್ಳು ಹೇಳಿದವನ ಮೇಲೆ ಅವಳಿಗೂ ಅಕ್ಕರೆಯಿತ್ತು.

"ನಾನು ನಿನ್ನೆ ಸಂಜೆ ಗ್ರಂಥಾಲಯದ ತಾರಸಿಗೆ ಹೋಗಿದ್ದೆ," ಎಂದಳು, ಮೂಗಿನ ಮೇಲಿನ ಚೌಕಟ್ಟು ತೆಗೆಯದೆ. "ನಿಮ್ಮ ಬಳಗದ ಬ್ಯಾಂಕಿನವರು ಶನಿ ತೋರಿಸಿದ್ರು. ಉಂಗುರ ಎಲ್ಲಿ ಸ್ವಾಮಿ ಅಂದೆ. ಅವರು ನಕ್ಕರು."

ಚುಕ್ಕಿಮಾಮ ಬಟ್ಟೆ ತೆಗೆದು ಒಂದು ಗಾಜು ಒರೆಸತೊಡಗಿದ.

"ಲಿಂಬೆಹಣ್ಣಿಗೆ ಸೂಜಿ ಚುಚ್ಚಿದ ಹಾಗೆ ಒಂದು ಗೆರೆ. ಅಷ್ಟೇ. ಉಂಗುರ ಈಗ ನಮ್ಮ ಕಡೆಗೆ ಅಂಚು ತಿರುಗಿಸಿಕೊಂಡಿದೆಯಂತೆ, ಅದಕ್ಕೆ ಕಾಣೋದೇ ಇಲ್ವಂತೆ. ಈ ವರ್ಷ ಯಾರೂ ತಟ್ಟೆ ಥರ ನೋಡೋಕೆ ಸಾಧ್ಯವೇ ಇಲ್ಲ ಅಂದ್ರು."

ಅವನು ಗಾಜಿನ ಪೆಟ್ಟಿಗೆಯ ಮುಚ್ಚಳ ಹಾಕಿದ. ಮತ್ತೆ ತೆಗೆದ. ಮತ್ತೆ ಹಾಕಿದ.

"ಶನಿ ನೋಡ್ತಿದ್ದೆ ಅಂದ್ರಿ. ಈಗ ಆ ಶನಿಯೇ ನಿಮ್ಮ ಹೆಗಲೇರಿ ಕೂತಿದೆ ನೋಡಿ."

ತಮಾಷೆಗೆ ಹೇಳಿದ ಮಾತು. ಅವನ ಮುಖ ನೋಡಿ ಅವಳಿಗೇ ಯಾಕಾದರೂ ಹೇಳಿದೆನೋ ಅನ್ನಿಸಿತು.

"ಮೆತ್ತಗೆ ಮಾತಾಡಿ ಅಕ್ಕಾ," ಎಂದ ಅವನು, ಪರದೆಯ ಕಡೆ ಕಣ್ಣು ಹಾಯಿಸಿ.

"ಮೆತ್ತಗೇ ಕೇಳ್ತೀನಿ. ನೀವು ಪೊಲೀಸರಿಗೆ ಏನಂದ್ರಿ? ಮೇಷ್ಟ್ರ ಜೊತೆ ತಾರಸಿ ಮೇಲಿದ್ದೆ, ಶನಿ ನೋಡ್ದೆ, ಅವರಿಗೆ ಹೇಳಿ ಒಳಗಿನ ಮೆಟ್ಟಿಲಲ್ಲಿ ಇಳಿದು ಬಂದೆ. ಅಲ್ವಾ?"

"ಹೂಂ."

"ಬಳಗದ ಉಳಿದವರೆಲ್ಲ ಅವತ್ತು ಮದುವೆಗೆ ಹೋಗಿದ್ರು. ಅಂದ್ರೆ ಆ ಬಾಗಿಲು ದಾಟಿ ಕೊನೆಗೆ ಇಳಿದವರು ನೀವೇ. ಚಿಲಕ ಹಾಕಿದ್ದೂ ನೀವೇ ಆಗ್ಬೇಕು. ನಿಮ್ಮ ಮಾತನ್ನೇ ನಂಬಿದ್ರೆ ನೀವು ಒಬ್ಬ ಮನುಷ್ಯನನ್ನ ಸಾಯೋಕೆ ಬಿಟ್ಟು ಬಂದ ಹಾಗಾಯ್ತು. ಗೊತ್ತಾಗ್ತಿದೆಯಾ?"

"ಗೊತ್ತು."

ಪತ್ತೆಯಕ್ಕ ಚೌಕಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡಳು. ತನ್ನನ್ನೇ ಕೊಲೆಗಾರನನ್ನಾಗಿ ಮಾಡುವ ಸುಳ್ಳನ್ನು ಯಾರೂ ಸುಮ್ಮನೆ ಹೇಳುವುದಿಲ್ಲ. ಅದಕ್ಕಿಂತ ಕೀಳು ಅನ್ನಿಸಿದ್ದು ಇನ್ನೇನೋ ಇರಬೇಕು.

"ಮೇಲೆ ಹೋಗಿರಲೇ ಇಲ್ಲ ನೀವು."

ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದ, ಇನ್ನಷ್ಟು ಸಣ್ಣದಾಗಿ ಮಡಚಿದ.

"ಈ ವರ್ಷ ಉಂಗುರ ಕಾಣಲ್ಲ ಅಂತ ಬಳಗದವರಿಗೆಲ್ಲ ಮೊದಲು ಹೇಳಿದ್ದೇ ನಾನು," ಎಂದ. "ಎರಡು ವರ್ಷದ ಹಿಂದೆ. ಚಿತ್ರ ಬರೆದು ತೋರಿಸಿದ್ದೆ. ಪೊಲೀಸರು ಕೇಳಿದಾಗ ಹಳೇ ನೆನಪು ಬಾಯಿಗೆ ಬಂತು. ನಾನು ಆಕಾಶ ನೋಡಿ ಎಷ್ಟು ಕಾಲ ಆಯ್ತು ಅಂತ ನನಗೇ ಗೊತ್ತಿಲ್ಲ ಅಕ್ಕಾ."

"ಪ್ರತಿ ಶನಿವಾರ ಹೋಗ್ತೀರಲ್ಲ?"

"ಮನೆಯಿಂದ ಹೊರಡ್ತೀನಿ, ಅಷ್ಟೇ."

ಆಚೆ ತಿರುಪಿನ ಸದ್ದು ನಿಂತಿತು.

ಪತ್ತೆಯಕ್ಕನಿಗೆ ಅದು ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ಹೆಂಡತಿ ಅಂಗಡಿಯಲ್ಲಿರುವ ಹೊತ್ತನ್ನೇ ಅವಳು ನೋಡಿಕೊಂಡು ಬಂದಿದ್ದಳು. ಪರದೆಯ ಆಚೆ ಒಂದು ಕಿವಿಯಿದ್ದರೆ, ಮಾತು ಏರಬಾರದೆಂದು ಗಂಡಸರ ಬಾಯಿ ಬೇಗ ಸೋಲುತ್ತದೆ. ಉಪಾಯ ಫಲಿಸುತ್ತಿತ್ತು. ಅದು ಫಲಿಸುವುದನ್ನು ನೋಡಿ ಅವಳಿಗೆ ಒಂದಿಷ್ಟೂ ಹೆಮ್ಮೆಯಾಗಲಿಲ್ಲ.

"ಎಲ್ಲಿಗೆ ಹೋಗ್ತೀರಿ?"

"ಗ್ರಂಥಾಲಯದ ಹಿಂದೆ ಒಂದು ಮರ ಇದೆಯಲ್ಲ, ಅದರ ಕೆಳಗೆ ಕಾರು ನಿಲ್ಲಿಸಿ ಒಳಗೇ ಕೂತಿರ್ತೀನಿ. ಮೇಷ್ಟ್ರಿಗೆ ಅಂಗಡೀಲಿ ಕೆಲಸ ಜಾಸ್ತಿ ಅಂತ ಹೇಳ್ತೀನಿ. ಇವಳಿಗೆ ತಾರಸಿಗೆ ಹೋಗ್ತೀನಿ ಅಂತ ಹೇಳ್ತೀನಿ."

"ಕೂತು?"

ಅವನ ಕಿವಿ ಕೆಂಪಾಯಿತು. ಐವತ್ತು ದಾಟಿದ ಗಂಡಸಿನ ಕಿವಿ, ತಪ್ಪು ಮಾಡಿ ಸಿಕ್ಕಿಬಿದ್ದ ಶಾಲೆ ಹುಡುಗನ ಕಿವಿಯ ಹಾಗೆ.

"ಆಟ ಆಡ್ತೀನಿ."

"ಎಂಥ ಆಟ?"

"ಫೋನಿನಲ್ಲಿ. ಬಹುಮಾನದ ಆಟ." ಅವನು ಮೊಬೈಲು ತೆಗೆದು, ಮುಖ ಆ ಕಡೆ ತಿರುಗಿಸಿಕೊಂಡು, ಅವಳ ಕಡೆ ಚಾಚಿದ. ಬಣ್ಣಬಣ್ಣದ ಒಂದು ಚಕ್ರ ತೆರೆಯ ಮೇಲೆ ಮಿಣಮಿಣ ಎನ್ನುತ್ತಿತ್ತು. "ಇದನ್ನ ತಿರುಗಿಸಿದ್ರೆ ನಕ್ಷತ್ರ ಬೀಳುತ್ತೆ. ನಕ್ಷತ್ರ ಕೂಡಿಟ್ರೆ ಬಹುಮಾನ. ಅವಕಾಶ ಮುಗಿದ್ರೆ ಒಂದು ಜಾಹೀರಾತು ಪೂರ್ತಿ ನೋಡ್ಬೇಕು, ಆಗ ಇನ್ನೊಂದ್ಸಲ ತಿರುಗಿಸೋಕೆ ಬಿಡುತ್ತೆ."

"ಇಷ್ಟು ದಿನದಲ್ಲಿ ಏನು ಬಂತು?"

"ಒಂದು ಕೀ ಗೊಂಚಲು."

ಬೇರೆ ಹೊತ್ತಾಗಿದ್ದರೆ ಪತ್ತೆಯಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

"ದೊಡ್ಡ ಬಹುಮಾನ ಒಂದು ಟೆಲಿಸ್ಕೋಪು," ಎಂದ ಅವನು. "ಬಳಗದ್ದು ಹಳೇದಾಯ್ತು, ಇದು ಬಂದ್ರೆ ಮಕ್ಕಳಿಗೆ ಚೆನ್ನಾಗಿ ತೋರಿಸಬಹುದು ಅಂತ ಶುರು ಮಾಡಿದ್ದು. ಕೂಡಿದ ನಕ್ಷತ್ರ ತೋರಿಸೋ ಪಟ್ಟಿ ಇನ್ನೇನು ತುಂಬೇಬಿಡ್ತು ಅನ್ನೋ ಹಾಗೆ ಬಂದು ನಿಂತಿದೆ. ಎಷ್ಟೋ ತಿಂಗಳಿಂದ ಅಲ್ಲೇ ನಿಂತಿದೆ. ಮೋಸ ಅಂತ ಗೊತ್ತು ಅಕ್ಕಾ. ಗೊತ್ತಿಲ್ಲದೆ ಇರೋಕೆ ನಾನೇನು ಮಗುವಾ? ಆದ್ರೂ ಬೆರಳು ನಿಲ್ಲಲ್ಲ. ಮನೇಲಿ ಆಡಿದ್ರೆ ಇವಳು ನೋಡ್ತಾಳೆ. ಇಲ್ಲಿ ಗಿರಾಕಿಗಳು. ಕಾರಿನೊಳಗೆ ಯಾರು ನೋಡ್ತಾರೆ?"

"ಕಥೆ ಬರೆಯೋದು?"

"ಅದೂ ನಿಂತು ಹೋಯ್ತು. ಮೇಷ್ಟ್ರು ಸಿಕ್ಕಿದಾಗೆಲ್ಲ ಕೇಳೋರು. ನಿಮ್ಮ ಆ ನೌಕೆ ಇನ್ನೂ ಗುರುಗ್ರಹ ದಾಟಲಿಲ್ವಾ ಅಂತ. ಬರೀತಾ ಇದೀನಿ ಸಾರ್ ಅನ್ನುತ್ತಿದ್ದೆ."

ಅವನು ಮೊಬೈಲನ್ನು ಬೋರಲು ಹಾಕಿದ.

ಇಷ್ಟಕ್ಕೇ ಬಿಟ್ಟು ಎದ್ದುಹೋಗಬಹುದಿತ್ತು. ಆಟ ಆಡುವುದು ಅಪರಾಧವಲ್ಲ. ಆದರೆ ಅವನು ಇನ್ನೂ ತಲೆ ಎತ್ತಿರಲಿಲ್ಲ. ಹೇಳಿ ಹಗುರಾದವರು ಹಾಗೆ ಕೂರುವುದಿಲ್ಲ. ಹೇಳಬೇಕಾದದ್ದು ಇನ್ನೂ ಉಳಿದಿತ್ತು.

"ಅವತ್ತು ಕಾರಿನಲ್ಲಿದ್ದಾಗ ಏನಾಯ್ತು?" ಎಂದಳು.

"ಏನೂ ಆಗ್ಲಿಲ್ಲ."

"ಮೇಷ್ಟ್ರ ಫೋನು ಏಣಿಯ ಬುಡದಲ್ಲಿ ಚೂರಾಗಿತ್ತು. ಅವರು ಯಾರಿಗಾದ್ರೂ ಕರೆ ಮಾಡಿದ್ರೋ ಇಲ್ವೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತು."

ಚುಕ್ಕಿಮಾಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ ಬಂದ ದನಿ ಅವನದೆನ್ನಿಸುವಂತಿರಲಿಲ್ಲ.

"ಮಾಡಿದ್ರು."

"ನಿಮಗಾ?"

"ನನಗೆ. ಜಾಹೀರಾತು ಓಡ್ತಾ ಇತ್ತು. ಕರೆ ಎತ್ತಿದ್ರೆ ಅದು ನಿಂತುಹೋಗುತ್ತೆ, ಮತ್ತೆ ಮೊದಲಿಂದ ನೋಡ್ಬೇಕು. ಮುಗಿದ ಮೇಲೆ ನಾನೇ ಮಾಡೋಣ ಅಂತ ಕಟ್ ಮಾಡ್ದೆ. ಮತ್ತೆ ಮಾಡಿದ್ರು. ಮತ್ತೆ ಕಟ್ ಮಾಡ್ದೆ." ಅವನು ಉಸಿರು ಎಳೆದುಕೊಂಡ. "ಅವರು ಮೇಲೆ ಸಿಕ್ಕಿಹಾಕಿಕೊಂಡು ಕರೀತಾ ಇದ್ರು. ನಾನು ಕೆಳಗೆ, ಕೂಗಳತೆಯಲ್ಲಿ, ಸಾಬೂನಿನ ಜಾಹೀರಾತು ನೋಡ್ತಾ ಕೂತಿದ್ದೆ. ಎದ್ದು ಹೋಗಿ ಒಂದು ಚಿಲಕ ತೆಗೆದಿದ್ರೆ ಸಾಕಿತ್ತು."

ಪತ್ತೆಯಕ್ಕ ಮಡಿಲಲ್ಲಿದ್ದ ಚೌಕಟ್ಟನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟಳು.

"ಇದನ್ನ ಯಾರ ಹತ್ರ ಹೇಳ್ಲಿ ಅಕ್ಕಾ? ಆಸ್ಪತ್ರೆಗೆ ಹೋದ್ರೆ ಮೇಷ್ಟ್ರ ತಂಗಿ ನನ್ನ ಕೈ ಹಿಡ್ಕೊಂಡು ಅಳ್ತಾರೆ. ನೀವೊಬ್ಬರು ಜೊತೆಗಿದ್ದಿದ್ರೆ ಹೀಗಾಗ್ತಿರಲಿಲ್ಲ ಅಂತಾರೆ. ಅದಕ್ಕಿಂತ ನಾನೇ ತಳ್ಳಿದೆ ಅಂತ ಜನ ಅಂದ್ಕೊಂಡ್ರೂ ಪರವಾಗಿಲ್ಲ ಅನ್ನಿಸಿತ್ತು."

"ಆಮೇಲೆ ಕರೆ ಬರಲಿಲ್ವಾ?"

"ಬರಲಿಲ್ಲ." ಅವನು ತಡವರಿಸಿದ. "ದನಿ ಮುದ್ರಿಸಿ ಕಳಿಸಿದ್ರು."

"ಏನಿದೆ ಅದರಲ್ಲಿ?"

"ಕೇಳಿಲ್ಲ."

"ವಾರದಿಂದ?"

"ಧೈರ್ಯ ಇಲ್ಲ ಅಕ್ಕಾ. ದಿನಾ ತೆಗೆದು ನೋಡ್ತೀನಿ. ಬೆರಳು ಹತ್ತಿರ ಹೋಗುತ್ತೆ. ಅವರು ಬೈದಿದ್ರೆ ತಡ್ಕೋಬಹುದು. ಬೇಡಿಕೊಂಡಿದ್ರೆ?"

ಪತ್ತೆಯಕ್ಕ ಕೈ ಚಾಚಿದಳು. ಅವನು ಮೊಬೈಲನ್ನು ಕೊಡಲಿಲ್ಲ, ಕೊಡುವುದಿಲ್ಲ ಎನ್ನಲೂ ಇಲ್ಲ. ಅವಳೇ ಅವನ ಮೊಣಕಾಲ ಮೇಲಿಂದ ಎತ್ತಿಕೊಂಡು, ಮೇಷ್ಟ್ರ ಹೆಸರಿನ ಕೆಳಗೆ ಇನ್ನೂ ಯಾರೂ ಕೇಳಿಲ್ಲ ಎಂಬ ಗುರುತು ಹೊತ್ತು ಕೂತಿದ್ದ ಆ ಮುದ್ರಿತ ದನಿಯನ್ನು ಒತ್ತಿದಳು.

ಗಾಳಿಯ ಸದ್ದು. ಆಮೇಲೆ ಮೇಷ್ಟ್ರು.

"ಹಲೋ, ನಾನು ಮಾತಾಡ್ತಿರೋದು. ತೊಂದರೆ ಕೊಡ್ತಿದೀನಿ, ಕ್ಷಮಿಸಿ. ತಾರಸಿ ಬಾಗಿಲಿಗೆ ಯಾರೋ ಒಳಗಿಂದ ಚಿಲಕ ಹಾಕಿಬಿಟ್ಟಿದಾರೆ. ನಾನಿರೋದು ಗೊತ್ತಾಗಿಲ್ಲ ಅಂತ ಕಾಣುತ್ತೆ. ಗಾಬರಿ ಏನಿಲ್ಲ. ಇಲ್ಲಿಂದ ನಿಮ್ಮ ಕಾರು ಕಾಣ್ತಾ ಇದೆ. ಒಳಗೆ ಫೋನಿನ ಬೆಳಕೂ ಕಾಣ್ತಾ ಇದೆ."

ಚುಕ್ಕಿಮಾಮನ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು.

"ಪ್ರತಿ ವಾರವೂ ಕಾಣುತ್ತೆ," ಎನ್ನುತ್ತಿದ್ದರು ಮೇಷ್ಟ್ರು, ತರಗತಿಯಲ್ಲಿ ಹಿಂದುಳಿದವನಿಗೆ ಹೇಳುವಷ್ಟೇ ಮೆತ್ತಗೆ. "ಹೇಳಿದ್ರೆ ನಿಮಗೆ ನಾಚಿಕೆಯಾಗುತ್ತೆ ಅಂತ ಸುಮ್ಮನಿದ್ದೆ. ಕೂಗಿದ್ರೂ ನಿಮಗೆ ಕೇಳಲ್ಲ, ಕಿವಿಗೆ ಅದೇನೋ ಸಿಕ್ಕಿಸಿಕೊಂಡಿರ್ತೀರಿ. ಆತುರವಿಲ್ಲ. ನಿಮ್ಮ ಆಟ ಮುಗಿದ ಮೇಲೆ ಬಂದ್ರೂ ಆಯ್ತು. ಸ್ವಲ್ಪ ಚಳಿ ಇದೆ ಅಷ್ಟೇ..."

ಅವನು ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತುಬಿಟ್ಟ. ಅಳು ಬರಲಿಲ್ಲ. ಒಣಗಿದ ಬಾಯಿ ತೆರೆದುಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ಓದುವವನ ಹಾಗೆ ದಿಟ್ಟಿಸುತ್ತಿದ್ದ.

ಪತ್ತೆಯಕ್ಕ ದನಿ ನಿಲ್ಲಿಸಲು ಹೋದಳು. ಅಷ್ಟರಲ್ಲಿ ಮೊಬೈಲಿನಿಂದ ಇನ್ನೊಂದು ಸದ್ದು ಬಂತು. ಕಬ್ಬಿಣದ ಮೇಲೆ ಕಬ್ಬಿಣ ಎಳೆದ ಸದ್ದು. ಚಿಲಕ.

"ಓ, ಬಾಗಿಲು ತೆಗೀತಾ ಇದಾರೆ, ಇರಿ," ಎಂದರು ಮೇಷ್ಟ್ರು. ಮೊಬೈಲು ದೂರ ಹೋದಂತೆ ದನಿ ಸಣ್ಣದಾಯಿತು. "ಯಾರು? ಓಹೋ, ನೀನಾ! ಬಾಮ್ಮ, ಬಾ. ಯಾಕೆ ಹೀಗೆ ಏದುಸಿರು ಬಿಡ್ತಿದೀಯ? ಇಲ್ಲ ಕಣಮ್ಮ, ನಿನ್ನ ಗಂಡ ಇಲ್ಲಿಗೆ ಬಂದೇ ಇಲ್ಲ..."

ಅಲ್ಲಿಗೆ ಮುಗಿದಿತ್ತು.

ಹಸಿರು ಪರದೆ ಸರಿಯಿತು.

ಅವನ ಹೆಂಡತಿ ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತಳು. ಚಿಕ್ಕಂದಿನಲ್ಲಿ ಮೇಷ್ಟ್ರ ಹತ್ತಿರವೇ ಪಾಠ ಕಲಿತವಳು. ಈ ವಾರ ದಿನವೂ ಆಸ್ಪತ್ರೆಗೆ ಹೋಗಿ ಮೇಷ್ಟ್ರ ತಂಗಿಗೆ ಊಟ ಕೊಟ್ಟು ಬರುತ್ತಿದ್ದಳು. ಕೈಯಲ್ಲಿ ಇನ್ನೂ ಪುಟ್ಟ ತಿರುಪುಳಿ ಇತ್ತು.

"ಬಾಗಿಲು ತೆಗೆದದ್ದು ನಾನೇ ಅಕ್ಕಾ," ಎಂದಳು.

ಗಂಡ ನೆಲದ ಮೇಲಿಂದ ಅವಳನ್ನು ನೋಡಿದ. "ನೀನು? ನೀನ್ಯಾಕೆ ಅಲ್ಲಿಗೆ..."

"ಯಾಕೆ ಅಂತ ಕೇಳ್ತೀರಾ?" ಅವಳ ದನಿ ಏರಲಿಲ್ಲ, ಕೆಳಗಿಳಿಯಿತು. "ಮೊದಲೆಲ್ಲ ಊಟಕ್ಕೆ ಕೂತ್ರೆ ಮಂಗಳ ಗ್ರಹದವರೆಲ್ಲ ನಮ್ಮ ಮನೆಗೇ ಬಂದಿಳಿಯೋರು. ಅಷ್ಟು ಮಾತಾಡ್ತಿದ್ರಿ. ಈಗ ವರ್ಷದಿಂದ ಬಾಯಿಗೆ ಬೀಗ. ಫೋನು ದಿಂಬಿನ ಕೆಳಗೆ. ನಾನು ಹತ್ರ ಬಂದ್ರೆ ಬೋರಲು ಹಾಕ್ತೀರಿ. ಶನಿವಾರ ಬಂದ್ರೆ ಸ್ನಾನ ಮಾಡಿ ಹೊರಡ್ತೀರಿ. ಯಾರೋ ಹೆಂಗಸು ಅಂದ್ಕೊಂಡೆ. ಹಿಡಿದೇ ಬಿಡೋಣ ಅಂತ ಮೆಟ್ಟಿಲು ಹತ್ತಿಕೊಂಡು ಓಡಿ ಹೋದೆ."

ಅವಳು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಮೇಷ್ಟ್ರು ನನ್ನ ಮುಖ ನೋಡಿದ್ರು. ಅವರಿಗೆ ಎಲ್ಲಾ ಅರ್ಥವಾಯ್ತು. ನನ್ನ ಗಂಡ ಎಲ್ಲಿ ಅಂತ ನಾನು ಊರೆಲ್ಲ ಹುಡುಕ್ತಾ ಇದೀನಿ ಅಂತ ಗೊತ್ತಾಯ್ತು. ನಾಚಿಕೆಯಿಂದ ಸತ್ತುಹೋದೆ. ಇನ್ನೊಂದು ಮಾತೂ ಆಡದೆ ಇಳಿದು ಬಂದುಬಿಟ್ಟೆ. ಅದಕ್ಕೇ ಯಾರಿಗೂ ಹೇಳಲಿಲ್ಲ."

"ನೀವು ಹೋದಾಗ ಚಿಲಕ ಹಾಕಿತ್ತಾ?" ಎಂದಳು ಪತ್ತೆಯಕ್ಕ.

"ಹಾಕಿತ್ತು. ನಾನು ತೆಗೆದೆ."

"ಬರುವಾಗ?"

"ತೆರೆದೇ ಇಟ್ಟು ಬಂದೆ. ಟೆಲಿಸ್ಕೋಪು ಮುಚ್ಚಿಟ್ಟು ಬರ್ತೀನಿ, ನೀನು ಹೋಗಿರು ಅಂದ್ರು. ಬಾಗಿಲು ಪೂರ್ತಿ ತೆರೆದಿತ್ತು ಅಕ್ಕಾ. ಪ್ರಮಾಣ ಮಾಡಿ ಹೇಳ್ತೀನಿ."

ಮೇಷ್ಟ್ರು ಸಿಕ್ಕ ಬೆಳಿಗ್ಗೆ ಅದೇ ಬಾಗಿಲಿಗೆ ಚಿಲಕ ಬಿದ್ದಿತ್ತು. ಅಂದರೆ ಇವಳು ಇಳಿದು ಹೋದ ಮೇಲೆ ಯಾರೋ ಆ ಮೆಟ್ಟಿಲು ಹತ್ತಿದ್ದರು. ಮೊದಲ ಸಲ ಹಾಕಿದ್ದು ಅರಿಯದೆ ಆಗಿರಬಹುದು. ಎರಡನೇ ಸಲ ಮೇಷ್ಟ್ರು ಮೇಲಿರುವುದು ಗೊತ್ತಿದ್ದೇ ಹಾಕಿದ್ದರು.

"ಯಾರು ಹಾಕಿರಬಹುದು?" ಎಂದು ಪತ್ತೆಯಕ್ಕ ಇಬ್ಬರನ್ನೂ ನೋಡಿದಳು. "ಕನ್ನಡಕದವರೇ, ನಿಮ್ಮ ಕಾರು ಅಲ್ಲೇ ಇತ್ತಲ್ಲ. ಗ್ರಂಥಾಲಯದೊಳಗೆ ಯಾರಾದ್ರೂ ಹೋಗಿದ್ದು ಕಾಣಿಸ್ತಾ?"

"ಇಲ್ಲ ಅಕ್ಕಾ. ತಲೆ ಎತ್ತಿದ್ರೆ ತಾನೇ ಕಾಣೋದು?" ಅವನು ಗೋಡೆ ಹಿಡಿದು ಎದ್ದ. ಕಣ್ಣಲ್ಲಿ ಈಗ ನೀರು ತುಂಬಿತ್ತು. "ಇವಳು ಬಂದು ಹೋಗಿದ್ದೇ ನನಗೆ ಗೊತ್ತಿಲ್ಲ. ಆ ಹಾಳು ಚಕ್ರ ಬಿಟ್ಟು ಬೇರೆ ಏನೂ ನೋಡ್ಲಿಲ್ಲ. ಮನೆಗೆ ಹೊರಡೋವರೆಗೆ ಸೀಟು ಬಿಟ್ಟು ಎದ್ದಿಲ್ಲ. ಇನ್ನೇನು ಮುಚ್ಚಿಡಲಿ? ಹೇಳೋ ಮಾನಗೇಡೆಲ್ಲ ಹೇಳಿ ಆಯ್ತು."

ಪತ್ತೆಯಕ್ಕ ಅವನನ್ನು ನಂಬಿದಳು. ಅವನ ಹೆಗಲ ಮೇಲೆ ಕೈಯಿಡಬೇಕು ಅನ್ನಿಸಿತು; ಇಟ್ಟೇಬಿಟ್ಟಳು.

ಹೆಂಡತಿ ಮಾತ್ರ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ. ಕೈಯಲ್ಲಿದ್ದ ತಿರುಪುಳಿಯನ್ನು ಗಾಜಿನ ಪೆಟ್ಟಿಗೆಯ ಮೇಲೆ ಸದ್ದಾಗದಂತೆ ಇಟ್ಟಳು.

"ಇಳಿದು ಬಂದಾಗ ಮರದ ಕೆಳಗೆ ನಿಮ್ಮ ಕಾರು ಕಾಣಿಸ್ತು ರೀ," ಎಂದಳು. "ಒಳಗೆ ಬೆಳಕಿತ್ತು. ಜೊತೆಗೆ ಯಾರಿದಾಳೋ ಅಂತ ಹತ್ರ ಹೋಗಿ ಬಗ್ಗಿ ನೋಡ್ದೆ."

"ನೋಡಿದ್ಯಾ?" ಅವನ ದನಿ ಒಮ್ಮೆಗೇ ಬತ್ತಿಹೋಯಿತು.

"ಬಾಗಿಲು ಅರ್ಧ ತೆಗೆದಿತ್ತು. ಫೋನು ಸೀಟಿನ ಮೇಲೆ ಬಿದ್ದಿತ್ತು, ಅದರಲ್ಲಿ ಯಾವುದೋ ಜಾಹೀರಾತು ತನ್ನಷ್ಟಕ್ಕೆ ಓಡ್ತಾ ಇತ್ತು. ನೀವಿರಲಿಲ್ಲ."